ರಂಜಾನಬಿ ಕೇಳಿದ ಕ್ಷಮೆ

ಖುಶನುಮಾಳ ಖಾಲಾ, ಅಂದರೆ ಚಿಕ್ಕಮ್ಮ, ರಂಜಾನಬಿ ರಾಮಥಾಳದಲ್ಲಿ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಯಾರಿಗೆ ಎಷ್ಟನೇ ತಿಂಗಳು, ಯಾರ ಕೂಸಿಗೆ ಯಾವ ಲಸಿಕೆ ಬಾಕಿ, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಐವತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಒಂದು ಕೂಸಿನ ಲಸಿಕೆಯ ದಿನ ತಪ್ಪಿಹೋದಾಗ ಅಕ್ಕನ ಮಗಳು ಖುಶನುಮಾಳಿಗೆ ಫೋನ್ ಮಾಡಿ ಅತ್ತುಬಿಟ್ಟಳು.

"ಅಳಬ್ಯಾಡ ಖಾಲಾ. ನೀ ಬರೇ ಫೋನಿನಾಗ ಮಾತಾಡು. ಅದನ್ನೆಲ್ಲಾ ನೆನಪಿಡೋದು ಒಂದು ಮಾಡಿಕೊಡ್ತೇನಿ."

ಖುಶನುಮಾ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಎರಡು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಎಲ್ಲೋ ಮುಂಬಯಿಯಲ್ಲಿದ್ದ ಸರ್ವರೊಂದನ್ನು ಬಾಡಿಗೆಗೆ ಹಿಡಿದು, ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಬರೆದು, ಪುಕ್ಕಟೆ ಸಿಗುವ ಎಐ ಒಂದನ್ನು ಅದರೊಳಗೆ ಇಳಿಸಿದಳು. ಮೊದಲು ಇಳಿಸಿದ ದೊಡ್ಡ ಎಐ ಆ ಸರ್ವರಿಗೆ ಭಾರವಾಗಿ ಎರಡು ಸಲ ಉಸಿರುಗಟ್ಟಿ ನಿಂತುಹೋಯಿತು. ಸಣ್ಣದೊಂದನ್ನು ಹಾಕಿದಾಗ ನಡೆಯಿತು. ಖಾಲಾ "ಸೂಜಿ ಮಾಡ್ಸೀನಿ" ಎಂದರೆ ಅದು ಹೊಲಿಗೆಯ ಲೆಕ್ಕ ಬರೆದುಕೊಳ್ಳುತ್ತಿತ್ತು. ಹಳ್ಳಿಯ ಮಾತಿನಲ್ಲಿ ಇಂಜೆಕ್ಷನ್ನಿಗೂ ಸೂಜಿ ಎನ್ನುತ್ತಾರೆಂದು ಕಲಿಸಬೇಕಾಯಿತು.

ಖಾಲಾ ಕೇಳಿದ್ದು ಒಂದೇ ಮಾತು. "ಬ್ಯಾರೆ ಯಾರಿಗೂ ಗೊತ್ತಾಗಂಗಿಲ್ಲಲ್ಲ, ಬೇಟಿ?"

"ದೊಡ್ಡ ಕಂಪನಿದಲ್ಲ ಖಾಲಾ ಇದು, ನಮ್ಮದು. ನಿನ್ನ ಬಿಟ್ರ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಅದು ಚೆನ್ನಾಗಿಯೇ ನಡೆಯಿತು. ತಿಂಗಳೊಪ್ಪತ್ತಿನಲ್ಲಿ ಖುಶನುಮಾಳಿಗೆ ಅದನ್ನು ನಾಲ್ಕು ಜನಕ್ಕೆ ತೋರಿಸಬೇಕೆನ್ನಿಸಿತು. ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಶಂಕರಲಿಂಗ, "ಮನ್ಯಾಗ ಕುಂತು ಮಾಡೀರಂದ್ರ ನಂಬೂದು ಹೆಂಗ್ರಿ ಮೇಡಂ?" ಎಂದು ನಕ್ಕ. ಅವಳು ಅಲ್ಲೇ ಪಾಸ್‌ವರ್ಡ್ ತೆಗೆದು, ಅದರ ಲಿಂಕನ್ನು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಒಳಗೆ ಖಾಲಾನ ಮಾತುಗಳೆಲ್ಲ ಇವೆಯೆಂಬುದು ನೆನಪಿತ್ತು. ಸಂಜೆಗೆ ಮತ್ತೆ ಪಾಸ್‌ವರ್ಡ್ ಹಾಕಿದರಾಯಿತು ಅಂದುಕೊಂಡಳು. ಸಂಜೆ ಪರೀಕ್ಷೆಯ ಉತ್ತರಪತ್ರಿಕೆಗಳು ಬಂದವು. ಮರೆತೇ ಹೋಯಿತು.

ಶಂಕರಲಿಂಗನ ಸೋದರಮಾವನ ಮಗ ಈರಪ್ಪ ರಾಮಥಾಳದವನು. ಎಐಗೆ ಆ ಊರಿನ ಸುದ್ದಿ ಗೊತ್ತೆಂದು ಖುಶನುಮಾಳ ಮಾತಿನಿಂದ ತಿಳಿದು ಶಂಕರಲಿಂಗ ತಮಾಷೆಗೆ ಕೇಳಿದ: ಈರಪ್ಪನ ಮನೆಯಲ್ಲಿ ಏನು ವಿಶೇಷ? ಅದು ಕೇಳಿದ್ದಕ್ಕೆ ನಿಷ್ಠೆಯಿಂದ ಉತ್ತರ ಕೊಟ್ಟಿತು. ಈರಪ್ಪನ ಹೆಂಡತಿ ಬನಶಂಕರಿ ಮಕ್ಕಳಾಗದಂತೆ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ, ಮುಂದಿನದು ಹನ್ನೆರಡನೇ ತಾರೀಖಿಗೆ, ಗಂಡನಿಗೂ ಅತ್ತೆಗೂ ಗೊತ್ತಿಲ್ಲ, ಅವರೆದುರು ಮಾತೆತ್ತಬಾರದು.

ಎರಡು ಹೆಣ್ಣು ಹೆತ್ತು ರಕ್ತ ಕಡಿಮೆಯಾಗಿದ್ದ ಬನಶಂಕರಿ, ಗಂಡು ಬೇಕೆಂದು ಮನೆಯವರು ಹಟ ಹಿಡಿದಾಗ ರಂಜಾನಬಿಯ ಕೈ ಹಿಡಿದುಕೊಂಡು ಹೇಳಿಕೊಂಡ ಗುಟ್ಟು ಅದು. ಶಂಕರಲಿಂಗ ಅದನ್ನು ಇದ್ದ ಹಾಗೇ ಈರಪ್ಪನಿಗೆ ಕಳಿಸಿದ.

ಐದನೆಯ ದಿನ ಖಾಲಾನ ಫೋನ್ ಬಂತು. ಬನಶಂಕರಿಯ ಅತ್ತೆ ಓಣಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದಿದ್ದಳು. "ನನ್ನ, ಬನಶಂಕರಿನ್ನ ಬಿಟ್ರ ಯಾರಿಗೂ ಗೊತ್ತಿರಲಿಲ್ಲ ಬೇಟಿ. ಹೆಂಗ ಹೊರಗ ಬಿತ್ತು?"

ಖುಶನುಮಾಳಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಬಾಯಿಂದ ಬಂದದ್ದು ಬೇರೆ. "ನೀ ಫೋನ್ ಎಲ್ಲೆರ ಬಿಟ್ಟು ಹೋಗಿದ್ದೇನು? ಮಂದಿ ಮುಂದ ಜೋರಾಗಿ ಮಾತಾಡಿರ್ತಿ, ನೆನಪು ಮಾಡ್ಕೋ."

ಖಾಲಾ ನೆನಪು ಮಾಡಿಕೊಂಡಳು. "ಇರಬಹುದು. ಅಂಗನವಾಡ್ಯಾಗ ಒಮ್ಮೆ ಇಟ್ಟು ಹೋಗಿದ್ದೆ."

ಖುಶನುಮಾ ಫೋನ್ ಇಟ್ಟವಳೇ ಪಾಸ್‌ವರ್ಡ್ ಹಾಕಿದಳು. ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೇಳಿದರು, ಎಲ್ಲ ಸರ್ವರಿನಲ್ಲಿ ದಾಖಲಾಗಿತ್ತು. ಓದಿದಳು. ಆಮೇಲೆ ಆ ದಾಖಲೆಯನ್ನು ಅಳಿಸಿಹಾಕಿದಳು. ಯಾರೂ ಅದನ್ನು ಕೇಳುವವರಿರಲಿಲ್ಲ. ಆದರೂ ಅಳಿಸಿದಳು.

ನಾಲ್ಕು ದಿನ ಬಿಟ್ಟು ಖಾಲಾ ಮತ್ತೆ ಫೋನ್ ಮಾಡಿದಳು. "ಬನಶಂಕರಿ ಮನಿಗೆ ಹೋಗಿ ತಪ್ಪಾತು ಅಂತ ಕೇಳ್ಕೊಂಡು ಬಂದೆ. ಅಕಿ ಮಾರಿ ತಿರುವಿದ್ಲು. ಈಗ ಓಣ್ಯಾಗ ಯಾರೂ ನನ್ನ ಮುಂದ ಏನೂ ಹೇಳಂಗಿಲ್ಲ. ಕೂಸಿಗೆ ಲಸಿಕಿ ಹಾಕಿಸ್ಕೋತಾರ, ಕುಡಿಯಾಕ ನೀರು ಕೊಡ್ತಾರ, ಅಷ್ಟ."

ಮರುದಿನ ಖುಶನುಮಾ ರಜೆ ಹಾಕಿ ಹುನಗುಂದದ ಬಸ್ ಹತ್ತಿದಳು. ಅಲ್ಲಿಂದ ಟಂಟಂ ಆಟೋದಲ್ಲಿ ರಾಮಥಾಳಕ್ಕೆ ಹೋದಳು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಪಡಸಾಲೆಯಲ್ಲಿ ಮೆಂತೆಪಲ್ಯ ಸೋಸುತ್ತಿದ್ದ ಖಾಲಾನನ್ನು ನೋಡಿದ ಮೇಲೆ ಅವು ಯಾವುವೂ ಉಳಿಯಲಿಲ್ಲ.

"ಖಾಲಾ, ನಿನ್ನ ತಪ್ಪಲ್ಲ. ನಾನ ಮಾಡೀನಿ. ಮಂದಿಗೆ ತೋರ್ಸಾಕ ಪಾಸ್‌ವರ್ಡ್ ತೆಗ್ದಿದ್ದೆ. ಅವತ್ತು ನೀ ಫೋನ್ ಮಾಡಿದಾಗನ ನನಗ ಗೊತ್ತಾಗಿತ್ತು."

ರಂಜಾನಬಿ ಸೋಸಿದ ಪಲ್ಯವನ್ನು ಬುಟ್ಟಿಗೆ ಹಾಕಿ ಎದ್ದಳು. ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು, "ನನ್ನ ಮುಂದ ಹೇಳಿದ್ರ ಏನಾತು? ಅಕಿ ಮುಂದ ಹೇಳು, ನಡಿ," ಎಂದಳು.

ಬನಶಂಕರಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಅತ್ತೆ ಒಳಗೆ ಕೆಮ್ಮುತ್ತಿದ್ದಳು. ಖುಶನುಮಾ ಎರಡೆರಡು ಸಲ ತೊದಲಿ ಎಲ್ಲ ಹೇಳಿದಳು, ಅಳಿಸಿಹಾಕಿದ್ದನ್ನೂ ಹೇಳಿದಳು. ಬನಶಂಕರಿ ಅವಳ ಕಡೆ ನೋಡಲೇ ಇಲ್ಲ. ರಂಜಾನಬಿಯನ್ನು ಕೇಳಿದಳು: "ಮತ್ತ ನೀವ್ಯಾಕ ಬಂದು ತಪ್ಪಾತಂದ್ರಿ, ಅಕ್ಕಾರ?"

"ನಮ್ಮ ಹುಡುಗಿ ಅಂದ್ಲು, ನನ್ನ ಕೈಯಾಗ ಎಲ್ಲೋ ತಪ್ಪೇತಿ ಅಂತ. ಓದಿದ ಹುಡುಗಿ. ಖರೆ ಇರಬೇಕಂತ ತಿಳ್ಕೊಂಡೆ."

ಖುಶನುಮಾ ತಲೆ ತಗ್ಗಿಸಿದಳು. ಬೈಗುಳವಾದರೆ ನಿಂತು ಕೇಳಬಹುದಿತ್ತು.

ಬನಶಂಕರಿ ಬಾಗಿಲು ಬಿಟ್ಟು ಸರಿದಳು. "ಒಳಗ ಬರ್ರಿ ಅಕ್ಕಾರ. ಮನ್ಯಾಗ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಕೂಡ ಮಾತಾಡೂದೈತಿ."

ರಂಜಾನಬಿ ಒಳಗೆ ಹೋದಳು. ಖುಶನುಮಾಳನ್ನು ಯಾರೂ ಕರೆಯಲಿಲ್ಲ. ಅವಳು ಕಟ್ಟೆಯ ತುದಿಯಲ್ಲಿ ಕೂತಳು. ಒಳಗಿಂದ ಸಣ್ಣ ದನಿಯಲ್ಲಿ ಮಾತು ಶುರುವಾಯಿತು. ಕೇಳಿಸಬಾರದೆಂದು ಅವಳು ಎದ್ದು ಅಂಗಳ ದಾಟಿ, ರಸ್ತೆಯ ಆಚೆ ಬಿಸಿಲಿನಲ್ಲಿ ಹೋಗಿ ನಿಂತಳು.