ಅಬ್ದುಲ್ ಸಲಾಮರ ಬಲಗೈ

ಹೊಂಬಣ್ಣದ ಕ್ಯಾಪ್ಸೂಲು ಅಬ್ದುಲ್ ಸಲಾಮರ ಅಂಗೈಯಿಂದ ಜಾರಿ ಮೇಜಿನ ಕೆಳಗೆ ಉರುಳಿತು. ಬಗ್ಗಿ ಹುಡುಕಲು ಹೊರಟವರನ್ನು ಮಗಳು ಫಾಹಿಮಾ ತಡೆದಳು.

"ಬಿಡಿ ಉಪ್ಪ. ಅದು ಸಿಕ್ಕದಿದ್ದರೂ ನಷ್ಟ ಇಲ್ಲ."

"ನಷ್ಟ ಇಲ್ಲವಾ? ದುಬಾಯಿಯಿಂದ ಬಂದದ್ದು ಮಾರಾಯ್ತಿ!"

ಅವರ ತಮ್ಮ ಇಬ್ರಾಹಿಂ ಖಲೀಲ್ ರಜೆಗೆ ಬರುವಾಗ ಅತ್ತರು, ಖರ್ಜೂರದ ಜೊತೆ ತಂದ ಬಾಟಲಿ ಅದು. ನರಗಳ ತುಕ್ಕು ತೆಗೆಯುತ್ತದೆ ಎಂದಿದ್ದ. ಪಾರ್ಕಿನ್ಸನ್ ಹಿಡಿದ ಮೇಲೆ ಸಲಾಮರು ಫರಂಗಿಪೇಟೆಯ ತಮ್ಮ ದಿನಸಿ ಅಂಗಡಿಯಲ್ಲಿ ತಕ್ಕಡಿ ಮುಟ್ಟಿರಲಿಲ್ಲ. ಬೇಳೆ ಸುರಿಯುವಾಗ ಕೈ ನಡುಗಿದ್ದು ಕಂಡು, "ಸಾಹುಕಾರ್ರ ಕೈ ಧಾರಾಳ ಆಯ್ತು" ಎಂದು ಗಿರಾಕಿಯೊಬ್ಬ ನಕ್ಕಾಗ ಅವರೂ ನಕ್ಕಿದ್ದರು. ಈಗಿನ ಭಯ ಬೇರೆ. ಮುಂದಿನ ತಿಂಗಳು ಫಾಹಿಮಾಳ ನಿಖಾಹ್. ಜನರೆಲ್ಲ ನೋಡುತ್ತಿರುವಾಗ ವರನ ಬಲಗೈ ಹಿಡಿದು, ಮಗಳನ್ನು ನಿನಗೆ ಕೊಟ್ಟೆ ಎಂದು ತಂದೆ ಹೇಳಬೇಕು.

"ಡಾಕ್ಟರರ ಮಧ್ಯಾಹ್ನದ ಗುಳಿಗೆ ಎಲ್ಲಿ?" ಎಂದು ಫಾಹಿಮಾ ಕೇಳಿದಳು.

"ಉಳಿಸಿದ್ದೇನೆ. ದಿನಾ ತಿಂದು ಮೈಗೆ ಅಭ್ಯಾಸ ಆದರೆ ಮದುವೆ ದಿನ ಹಿಡಿಯುವುದಿಲ್ಲ. ಅಲ್ಲಿವರೆಗೆ ಖಲೀಲನದ್ದು ಸಾಕು."

ಫಾಹಿಮಾ ಕುರ್ಚಿ ಎಳೆದು ಎದುರಿಗೆ ಕುಳಿತಳು. ಅವಳು ಬಂಟ್ವಾಳದ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್.

"ಇಂಥ ಮದ್ದನ್ನು ದೊಡ್ಡದಾಗಿ ಪರೀಕ್ಷೆ ಮಾಡಿದ್ದಾರೆ ಉಪ್ಪ. ಕೆಲವರಿಗೆ ಇದು, ಕೆಲವರಿಗೆ ಒಳಗೆ ಏನೂ ಇಲ್ಲದ್ದು. ಯಾರಿಗೆ ಯಾವುದು ಅಂತ ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಎರಡೂ ಕಡೆ ರೋಗ ಒಂದೇ ಹಾಗೆ ಹೆಚ್ಚಿದೆ."

ಬಾಗಿಲಲ್ಲಿ ನಿಂತಿದ್ದ ಖಲೀಲ್ ಅಣ್ಣನತ್ತ ತಿರುಗಿ ನಕ್ಕ. "ಗುಳಿಗೆ ಎಣಿಸಿ ಕೊಡುವವಳು ಈಗ ವಿಜ್ಞಾನಿ ಆದಳು ನೋಡಿ ಕಾಕ!"

"ಎಣಿಸ್ಲಿಕ್ಕೂ ನಾಲ್ಕು ವರ್ಷ ಓದಿದ್ದೇನೆ. ನೀವು ಪ್ರೀತಿಯಿಂದ ತಂದದ್ದು, ಅದು ನಂಗೆ ಗೊತ್ತುಂಟು. ಪ್ರೀತಿ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ."

ಖಲೀಲನ ಮುಖ ಸಣ್ಣದಾಯಿತು. ಸಲಾಮರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗಿನ ಕ್ಯಾಪ್ಸೂಲುಗಳು ಗಲಗಲ ಅಂದವು.

"ಹಾಗಾದರೆ ಡಾಕ್ಟರರದ್ದು ಸರಿಯಾಗಿ ತಿಂದರೆ ನಡುಕ ನಿಲ್ತದಾ?"

ಹೌದು ಎಂದುಬಿಟ್ಟಿದ್ದರೆ ಆ ರಾತ್ರಿ ಅವರು ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

"ಕಡಿಮೆ ಆಗ್ತದೆ. ಪೂರ್ತಿ ನಿಲ್ತದೆ ಅಂತ ನಾನು ಹೇಳುವುದಿಲ್ಲ. ಜನರ ಮಧ್ಯೆ ಸ್ವಲ್ಪ ಜಾಸ್ತಿಯೇ ಆದೀತು."

"ನಡುಗುವ ಕೈಯಲ್ಲಿ ಕೊಟ್ಟರೆ ಮನಸ್ಸಿಲ್ಲದೆ ಕೊಟ್ಟ ಅಂತಾರೆ, ಮಗಳೇ."

"ನಾನು ಕೂತ್ಕೊಳ್ತೇನೆ ಕಾಕ," ಎಂದ ಖಲೀಲ್ ಮೆಲ್ಲಗೆ. "ನೀವು ಒಪ್ಪಿಗೆ ಕೊಟ್ಟರೆ ನಿಮ್ಮ ಪರವಾಗಿ ನಾನು ಹೇಳಬಹುದು."

ಸಲಾಮರು ಮರುದಿನ ಮಗಳೊಂದಿಗೆ ಡಾಕ್ಟರರಲ್ಲಿಗೆ ಹೋಗಿ ಬೈಗುಳ ತಿಂದು ಬಂದರು. ಅಲ್ಲಿಂದ ಗುಳಿಗೆ ತಪ್ಪಿಸಲಿಲ್ಲ. ಫಾಹಿಮಾಳ ತಾಯಿ ಐಸಮ್ಮ ಎರಡು ಸಲ ಕೇಳಿದರೂ, ಯಾರು ಕೂರುವುದು ಎಂದು ಅವರು ಬಾಯಿ ಬಿಡಲಿಲ್ಲ.

ನಿಖಾಹಿನ ದಿನ ಹೆಂಗಸರಿಗೆಲ್ಲ ಮದುವೆ ಹಾಲ್‌ನ ಮಹಡಿಯಲ್ಲಿ ಜಾಗ. ಕೆಳಗೆ ಗಂಡಸರ ಮಧ್ಯೆ ನಡೆಯುವುದು ಮೂಲೆಯ ಸ್ಪೀಕರಿನಲ್ಲಿ ಮಾತ್ರ ಕೇಳುತ್ತಿತ್ತು. ನಿಖಾಹ್ ನಡೆಸುವ ಖತೀಬರ ಖುತ್ಬಾ ಪ್ರವಚನ ಮುಗಿಯಿತು. ಕುರ್ಚಿ ಸರಿದ ಸದ್ದು. ಯಾರೋ ಕುಳಿತರು. ಅದು ಯಾರೆಂದು ತಿಳಿಯಲು ಫಾಹಿಮಾ ಸ್ಪೀಕರಿನತ್ತ ಕಿವಿ ಕೊಟ್ಟಳು.

ಆಗ ಸ್ಪೀಕರಿನಿಂದ ಸಣ್ಣಗೆ, ಬಿಡದೆ, ಕಿಣಿಕಿಣಿ ಎಂಬ ಶಬ್ದ ಬರತೊಡಗಿತು.

"ಮೈಕ್ ಹಾಳಾಯ್ತಾ ಎಂಥ?" ಎಂದಳು ಪಕ್ಕದಲ್ಲಿದ್ದ ಗೆಳತಿ ರಶೀನಾ.

"ಮೈಕಲ್ಲ. ಅವರ ವಾಚು."

ವರ ಮುಝಮ್ಮಿಲ್ ಸ್ಟೀಲಿನ ವಾಚನ್ನು ಬಲಗೈಗೆ ಕಟ್ಟುವವನು. ಆ ಕೈಯನ್ನು ಹಿಡಿದ ಕೈ ನಡುಗಿದಂತೆ ಅದರ ಸಡಿಲ ಪಟ್ಟಿ ಮೈಕಿನ ಹತ್ತಿರ ಅಲುಗುತ್ತಿತ್ತು. ಹೇಳಬೇಕಾದ ಮಾತನ್ನು ಖತೀಬರು ಹೇಳಿಕೊಟ್ಟರು. ಸಲಾಮರ ಧ್ವನಿ ಸಣ್ಣದಿತ್ತು. ಆದರೆ ಒಂದು ಪದವೂ ಕೆಳಗೆ ಬೀಳಲಿಲ್ಲ.

ಮಹಡಿಯಲ್ಲಿ ಮಾತುಗಳು ಒಂದೊಂದಾಗಿ ನಿಂತವು. ಫಾಹಿಮಾ ಮದರಂಗಿಯ ಬೆರಳಿನಿಂದ ದುಪಟ್ಟಾವನ್ನು ಕಿವಿಯ ಹಿಂದೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತಳು.