ಅಷ್ಟಗ್ರಹದ ವಾರ ಬಂದ ತಮ್ಮ

ಯಾರು ಯಾವಾಗ ಏನು ಮಾಡುತ್ತಾರೆಂದು ಕೆರಿಯಪ್ಪನಿಗೆ ಮೊದಲೇ ತಿಳಿಯುತ್ತದೆ ಎಂದು ಹೊಸನಗರದ ಸುತ್ತಿನಲ್ಲಿ ಹೆಸರಾಗಿತ್ತು. ಒಡೆಯರು ಗೇಣಿ ಏರಿಸುವುದನ್ನೂ, ತವರಿಗೆ ಹೋದ ಮಾಸ್ತಪ್ಪನ ಸೊಸೆ ಮರಳುವುದಿಲ್ಲವೆಂಬುದನ್ನೂ ಅವನು ಮುಂಚೆಯೇ ಹೇಳಿದ್ದ. ಎದುರಿನವರ ಮನಸ್ಸಲ್ಲಿ ಕೆಟ್ಟದ್ದೇ ಇದೆ ಎಂದುಕೊಂಡರೆ ಊಹೆ ತಪ್ಪುವುದಿಲ್ಲ. ಅವನ ವಿದ್ಯೆ ಅಷ್ಟೇ.

ಅರವತ್ತೆರಡರ ಫೆಬ್ರವರಿಯಲ್ಲಿ ಎಂಟು ಗ್ರಹಗಳು ಕೂಡಿ ಲೋಕ ಮುಳುಗುತ್ತದೆಂಬ ಸುದ್ದಿ ಹಬ್ಬಿತು. ಊರಿನವರು ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ತಿಂದರು. ಕೆರಿಯಪ್ಪ ನಕ್ಕ. "ಎಂತದೂ ಆಗಲ್ಲ. ಮಂಗಳವಾರ ಗದ್ದೆಗೆ ಗೊಬ್ಬರ ಹೊರೋದೇ" ಎಂದ.

ಆಗ ಬಂದವನು ತಮ್ಮ ದುಗ್ಗಪ್ಪ. ಪಾಲಿನ ವಿಷಯಕ್ಕೆ ಜಗಳವಾಡಿ, ಸಾಗರದ ಕಡೆ ಶರಾವತಿ ದಡದ ಹೆಂಡತಿಯ ಊರು ಸೇರಿದವನು ವರ್ಷಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಜೇನುತುಪ್ಪದ ಕುಡಿಕೆ ಹಿಡಿದು ಅಂಗಳದಲ್ಲಿ ನಿಂತಿದ್ದ.

"ಸಾಯೋದಾದ್ರೆ ಒಟ್ಟಿಗೇ ಸಾಯಾನ ಅಂತ ಬಂದೆ ಅಣ್ಣಾ."

ಕೆರಿಯಪ್ಪನ ಹೆಂಡತಿ ವಿಶಾಲಮ್ಮ ಕಣ್ಣೊರೆಸಿಕೊಂಡು ಒಳಗೆ ಕರೆದಳು. ಕೆರಿಯಪ್ಪನ ಕಣ್ಣು ಕುಡಿಕೆಯ ಮೇಲಿತ್ತು. ಇಷ್ಟು ವರ್ಷ ಇಲ್ಲದ ಪ್ರೀತಿ ಈಗ ಎಲ್ಲಿಂದ ಬಂತು? ಊಟಕ್ಕೆ ಕೂತಾಗ ಅವನು ಜೇನು ಮುಟ್ಟಲಿಲ್ಲ. "ಮದ್ದು ಗಿದ್ದು ಹಾಕಿದಾನೋ ಏನೋ" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದ.

"ಥೂ, ಒಡಹುಟ್ಟಿದೋನು" ಎಂದ ವಿಶಾಲಮ್ಮ ಅವನೆದುರೇ ಕುಡಿಕೆಗೆ ಬೆರಳದ್ದಿ ನೆಕ್ಕಿದಳು.

ದುಗ್ಗಪ್ಪ ಬೇಲಿ ಕಟ್ಟಿದ, ಅತ್ತಿಗೆಗೆ ಸೌದೆ ಒಡೆದುಕೊಟ್ಟ, ಹಳೆಯ ತಮಾಷೆಗಳನ್ನು ಹೇಳಿ ನಗಿಸಿದ. ಆದರೆ ಕೊಟ್ಟಿಗೆಯ ಪಕ್ಕದ ಖಾಲಿ ಜಾಗದಲ್ಲಿ ಆಗಾಗ ಸುಮ್ಮನೆ ನಿಲ್ಲುತ್ತಿದ್ದ. ಒಮ್ಮೆ ಕಾಲಿನಿಂದ ಮಣ್ಣು ಕೆದಕಿ ನೋಡಿದ. ಕೆರಿಯಪ್ಪನಿಗೆ ಅಷ್ಟು ಸಾಕಾಯಿತು. ನದಿಗೆ ಕಟ್ಟೆ ಕಟ್ಟುತ್ತಿರುವುದು, ಇವನ ಊರು ಮುಳುಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಎಂದು ಕೆರಿಯಪ್ಪ ಕಾದ. ತಮ್ಮ ಬಾಯಿ ಬಿಡಲಿಲ್ಲ. ಕಾಯುವುದು ಕೆರಿಯಪ್ಪನಿಗೇ ಸಹಿಸಲಾಗದಷ್ಟಾಯಿತು.

ಸೋಮವಾರ ಮಧ್ಯಾಹ್ನ, ಲೋಕ ಮುಳುಗಬೇಕಾದ ಹೊತ್ತಿನಲ್ಲಿ, ಅವನೇ ಬಾಯಿ ಬಿಟ್ಟ. "ನೀ ಸಾಯಕ್ಕೆ ಬಂದಿದ್ದಲ್ಲ. ಮನೆ ಕಟ್ಟಕ್ಕೆ ಜಾಗ ಕೇಳಕ್ಕೆ ಬಂದಿದ್ದು. ಕೊಡಲ್ಲ."

ದುಗ್ಗಪ್ಪ ಕೊಡಲಿ ಕೆಳಗಿಟ್ಟ. ಸುಳ್ಳು ಹೇಳಲಿಲ್ಲ.

"ಕೇಳಕ್ಕೇ ಬಂದಿದ್ದೆ. ಬಂದ್ಮೇಲೆ ಬಾಯಿ ಬರ್ಲಿಲ್ಲ. ಇದ್ದಷ್ಟು ದಿನ ನಗ್ತಾ ಇದ್ದು ಹೋಗಾನ ಅಂತ ಮಾಡಿದ್ದೆ."

ಮರುದಿನ ಸೂರ್ಯ ಎಂದಿನಂತೆ ಹುಟ್ಟಿದ. ದುಗ್ಗಪ್ಪ ಬೆಳಗಿನ ಬಸ್ಸಿಗೆ ಹೊರಟ. ಅತ್ತ ಅವನು ಬೇಲಿಯ ದಣಪೆ ದಾಟುವಾಗಲೇ ಇತ್ತ ಊರಿನವರು ಬಂದು, "ನೀ ಹೇಳಿದ್ದೇ ಸರಿ ಆಯ್ತಲ್ಲ ಕೆರಿಯಪ್ಪಾ" ಎಂದು ಹೊಗಳಿದರು.

ಅವರು ಹೋದ ಮೇಲೆ ವಿಶಾಲಮ್ಮ ಹೇಳಿದಳು: "ನೀ ಇನ್ನೊಂದು ದಿನ ಸುಮ್ಮನಿದ್ದಿದ್ರೆ ಅವ ಕೇಳ್ತಾನೇ ಇರ್ಲಿಲ್ಲ."

"ನಾ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ" ಎಂದು ಅವಳು ಎದ್ದು ಹೋದಳು.

ಗೊಬ್ಬರ ಹೊರುವಾಗಲೆಲ್ಲ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿ ಒಂದು ಬಸಳೆ ಬಳ್ಳಿಯನ್ನೂ ಅವನು ಹಬ್ಬಿಸಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಕೆರಿಯಪ್ಪ ತಾನೇ ಸಾಗರದ ಬಸ್ಸು ಹತ್ತಿ ತಮ್ಮನ ಊರಿಗೆ ಹೋದ.

"ಕೊಟ್ಟಿಗೆ ಪಕ್ಕ ಮನೆ ಕಟ್ಕ. ಮನಸಾರೆ ಹೇಳ್ತಿದೀನಿ."

ದುಗ್ಗಪ್ಪ ಅಣ್ಣನ ಮುಖವನ್ನೇ ದಿಟ್ಟಿಸಿದ. "ಇಷ್ಟು ದೂರ ಬಂದು ಕರೀತಿದೀಯ ಅಂದ್ರೆ, ಇದ್ರ ಹಿಂದೆ ಎಂತ ಇದೆ ಅಣ್ಣಾ?"

ಏನೂ ಇಲ್ಲವೆಂದು ಕೆರಿಯಪ್ಪ ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಕಟ್ಟೆಯ ನೀರು ಏರಿ ಬಂದ ಮಳೆಗಾಲಕ್ಕೆ ಮುಂಚೆ ದುಗ್ಗಪ್ಪ ತನ್ನ ಮನೆಯ ಹಂಚು ಇಳಿಸಿ, ತನ್ನ ಊರಿನವರ ಜೊತೆ ಲಾರಿ ಹತ್ತಿ ಶಿವಮೊಗ್ಗದ ಕಡೆ ಹೋದ.