ನಡುವಿನ ಪೆಡಲ್

ನಾನು ಒಂದು ಕಾರು. ತೊಂಬತ್ತರ ಹತ್ತಿರ ಬಂದ ಹಳೆಯ ಕಾರು. "ಅಯ್ಯೋ, ಎಷ್ಟು ಚೆಂದ ಇದೆ!" ಎಂದು ಮಾತ್ರ ಹೇಳಬೇಡಿ, ಕೇಳಿ ಕೇಳಿ ಸಾಕಾಗಿದೆ. ಹಾಗೆ ಅಂದವರೆಲ್ಲ ಬಾನೆಟ್ಟಿನ ಮೇಲೆ ಬೆರಳಿನ ಗುರುತು ಬಿಟ್ಟು ಹೋದವರೇ. ಬಗ್ಗಿ, ಇದಕ್ಕೆ ಎಣ್ಣೆ ಇದೆಯೇ ಇಲ್ಲವೇ ಎಂದು ನೋಡಿದವರು ಒಬ್ಬರೂ ಇಲ್ಲ.

ನಾನು ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ, ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮೊದಲು. ಯಾವ ಕಂಪನಿ ಎಂದು ಕೇಳಬೇಡಿ, ಹೇಳುವುದಿಲ್ಲ. ನನ್ನನ್ನು ಮಾಡಿದವರು ಕಾಲಬುಡದಲ್ಲಿ ಒಂದು ಚಮತ್ಕಾರ ಇಟ್ಟಿದ್ದರು. ಈಗಿನ ಗಾಡಿಗಳಲ್ಲಿ ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ರೇಸು. ನನ್ನಲ್ಲಿ ನಡುವಿನದು ರೇಸು, ಬಲಗಡೆಯದು ಬ್ರೇಕು. ಆ ಕಾಲದ ಎಷ್ಟೋ ಗಾಡಿಗಳು ಹಾಗೇ ಇದ್ದವು. ಇದನ್ನು ನೆನಪಿಟ್ಟುಕೊಳ್ಳಿ. ನೆನಪಿಟ್ಟುಕೊಳ್ಳದ ಒಬ್ಬ ಮಹಾನುಭಾವನ ವಿಷಯ ಮುಂದೆ ಬರುತ್ತದೆ.

ಹಡಗಿನಲ್ಲಿ ಮುಂಬೈಗೆ ಬಂದೆ, ಅಲ್ಲಿಂದ ರೈಲಿನಲ್ಲಿ ಗದಗಿಗೆ. ಕೊಂಡವನು ಅಂದಾನಪ್ಪ, ಹತ್ತಿ ಜಿನ್ನಿಂಗ್ ಕಾರ್ಖಾನೆಯ ಸಾಹುಕಾರ. ಹಿಂದಿನ ಸೀಟಿನಲ್ಲಿ ಕೂತು ಕೋಲಿನಿಂದ ಡ್ರೈವರನ ಭುಜ ತಿವಿಯುತ್ತಿದ್ದ. ಎಡಕ್ಕೆ ತಿವಿದರೆ ಎಡಕ್ಕೆ, ಬಲಕ್ಕೆ ತಿವಿದರೆ ಬಲಕ್ಕೆ, ನಡುಬೆನ್ನಿಗೆ ತಿವಿದರೆ ನಿಲ್ಲಿಸಬೇಕು. ಎಲೆ ಅಡಿಕೆ ಉಗುಳಲು ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದ. ಅರ್ಧ ರಸ್ತೆಗೆ, ಅರ್ಧ ನನ್ನ ಬಾಗಿಲಿಗೆ. ನನ್ನ ಕೆಂಪು ಬಾಗಿಲನ್ನು ನೋಡಿ ನಗುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ ಬಂತು. ಈ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ನನ್ನ ಬೆನ್ನಿಗೆ ಒಂದು ಇದ್ದಿಲ ಒಲೆ ಕಟ್ಟಿಸಿದ. ಒಲೆಯ ಗ್ಯಾಸನ್ನು ಪೈಪಿನಲ್ಲಿ ತಂದು ನನಗೆ ಕುಡಿಸುವುದು! ಪೆಟ್ರೋಲು ಕುಡಿದು ಬೆಳೆದ ನನಗೆ ಹೊಗೆ! ಕೆಮ್ಮಿದೆ, ಉಗುಳಿದೆ, ಏರು ಬಂದಲ್ಲೆಲ್ಲ ಹಟ ಮಾಡಿ ನಿಂತೆ. ಇಳಿದು ನೂಕುವವನು ಡ್ರೈವರು, ಒಳಗೆ ಕೂತು ಕೋಲು ಆಡಿಸುವವನು ಸಾಹುಕಾರ. ಆವತ್ತಿನ ಮಸಿ ನನ್ನ ಗಂಟಲಿನಲ್ಲಿ ಎಷ್ಟು ವರ್ಷ ಉಳಿಯಿತೋ ಲೆಕ್ಕವಿಲ್ಲ.

ಅವನ ಮಗನಿಗೆ ನಾನೆಂದರೆ ನಾಚಿಕೆ. ಮನೆಗೆ ಹೊಸ ಕಾರು ಬಂದದ್ದೇ ತಡ, ನನ್ನನ್ನು ಟೆಂಟು ಸಿನಿಮಾದವನಿಗೆ ಬಾಡಿಗೆಗೆ ಕೊಟ್ಟ. ತಲೆಗೆ ಮೈಕು ಕಟ್ಟಿಕೊಂಡು ಮುಂಡರಗಿ, ರೋಣ, ಲಕ್ಷ್ಮೇಶ್ವರ ಎಲ್ಲ ಸುತ್ತಿದೆ. ಆ ಮನುಷ್ಯ ನನಗೆ ಎಣ್ಣೆ ಹಾಕಿದ್ದನ್ನು ನಾನಂತೂ ನೋಡಿಲ್ಲ. ಒಂದು ದಿನ ನಡುದಾರಿಯಲ್ಲಿ ನನ್ನ ಉಸಿರು ನಿಂತಾಗ ಎತ್ತು ಕಟ್ಟಿ ಎಳೆಸಿಕೊಂಡು ಬಂದು, ಸಾಹುಕಾರನ ಶೆಡ್ಡಿಗೆ ದಬ್ಬಿ ಹೋದ. ಅಲ್ಲಿ ಹಿಂದಿನ ಸೀಟಿನ ಮೇಲೆ ಒಲೆಗೆ ಹಾಕುವ ಸಗಣಿ ಕುಳ್ಳು ಒಟ್ಟಿದರು, ಮುಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ನಿಜ ಹೇಳಲೇ? ನನ್ನ ಮಾಲೀಕರೆಲ್ಲರಿಗಿಂತ ಆ ಬೆಕ್ಕೇ ವಾಸಿ.

ಇಷ್ಟು ದಿನಕ್ಕೆ ಸಾಹುಕಾರನ ಮೊಮ್ಮಕ್ಕಳ ಕಾಲ ಬಂತು. ಇಬ್ಬರು. ಅಕ್ಕ ನೀಲಾಂಬಿಕೆ, ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ರಿಟೈರಾಗಿ ಊರಿಗೆ ಬಂದವಳು. ತಮ್ಮ ಮುರಿಗೆಪ್ಪ, ಇಸ್ತ್ರಿ ಮುರಿಯದ ಬಿಳಿ ಅಂಗಿಯವನು. ಮನೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಶೆಡ್ಡು ತಮ್ಮನ ಪಾಲಿಗೆ ಹೋಗಿತ್ತು. ನಾನು ಶೆಡ್ಡಿನೊಳಗಿದ್ದೆ, ಹಾಗಾಗಿ ನಾನೂ.

ನೀಲಾಂಬಿಕೆ ಒಂದು ದಿನ ಬಂದು ಕುಳ್ಳು ಸರಿಸಿ, ಬಾನೆಟ್ಟು ಎತ್ತಿ, ಸುಮ್ಮನೆ ನೋಡುತ್ತಾ ನಿಂತಳು. "ಮುರಿಗ್ಯಾ, ಇದನ್ನ ನಾ ರಿಪೇರಿ ಮಾಡಲೇನು?" ಎಂದಳು. "ಮಾಡ್ಕೋ ಅಕ್ಕಾ, ಯಾರ್ ಬ್ಯಾಡ ಅಂತಾರ?" ಎಂದ ಅವನು. ಅವಳು ಅಷ್ಟು ಮಾತನ್ನೇ ನಂಬಿದಳು. ಅಷ್ಟು ಓದಿದವಳಿಗೆ ಇಷ್ಟೂ ತಿಳಿಯಬಾರದೇ?

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತುಕ್ಕು ಹಿಡಿದ ನಟ್ಟು ಬಿಡದಿದ್ದರೆ, "ಏ ಮುದಿಯಾ, ಬಿಡ್ತೀಯೋ ಇಲ್ಲೋ!" ಎಂದು ನನಗೇ ಬೈಗುಳ. ನಾನೂ ಬಿಟ್ಟುಕೊಡಲಿಲ್ಲ, ಅವಳ ಬೆರಳು ಜಜ್ಜಿದೆ. ಸಿಗದ ಭಾಗಗಳನ್ನು ಹುಬ್ಬಳ್ಳಿಯ ಲೇತ್ ಮೆಷಿನ್ನಿನ ಅಂಗಡಿಯವರ ತಲೆಯ ಮೇಲೆ ನಿಂತು ಮಾಡಿಸಿದಳು. ಹತ್ತು ಹನ್ನೊಂದು ವರ್ಷ ಹೀಗೇ ನಡೆಯಿತು. "ಪೆಡಲು ಈಗಿನ ಗಾಡಿ ಹಂಗ ಮಾಡಿಬಿಡ್ರಿ ಬಾಯಾರ, ಸಸಾರ ಆಗತೈತಿ" ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದಕ್ಕೆ, "ಗಾಡಿ ಯಾಕ ಬದಲಾಗಬೇಕು? ಹೊಡ್ಯಾವ್ರು ಕಲೀಲಿ" ಎಂದು ಅವನ ಬಾಯಿ ಮುಚ್ಚಿಸಿದಳು. ಆವತ್ತು ಮೊದಲ ಸಲ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಆಮೇಲೆ ಒಂದು ಬೆಳಿಗ್ಗೆ ಹ್ಯಾಂಡಲು ತಿರುಗಿಸಿದಾಗ ನಾನು ಚಾಲೂ ಆದೆ. ಬೆಟಗೇರಿಯವರೆಗೆ ಹೋಗಿ ಬಂದೆವು. ಸ್ಟೇರಿಂಗ್ ಹಿಡಿದುಕೊಂಡೇ ಆಕೆ ಅತ್ತಳು. ನನಗೂ ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆಕೆಗೆ ನನ್ನ ಬಣ್ಣದ ಹುಚ್ಚು ಇರಲಿಲ್ಲ. ನಾನು ಓಡಬೇಕು, ಅಷ್ಟೇ. ನನಗೂ ಬೇಕಾಗಿದ್ದದ್ದು ಅಷ್ಟೇ.

ಅಷ್ಟು ವರ್ಷ ಶೆಡ್ಡಿನ ಬಾಗಿಲಲ್ಲಿ ನಿಂತು ಚಹಾ ಕುಡಿದದ್ದು ಬಿಟ್ಟರೆ ಮುರಿಗೆಪ್ಪ ಒಂದು ನಟ್ಟನ್ನೂ ಮುಟ್ಟಿದವನಲ್ಲ. ಈಗ ನೋಡಬೇಕಿತ್ತು ಅವನ ಠೀವಿ! ಬಾನೆಟ್ಟಿನ ಮೇಲೆ ಮೊಳಕೈ ಊರಿ ಫೋಟೋ. "ನಮ್ಮ ಅಜ್ಜಾರ ಗಾಡಿ. ನಾನು ಎಲ್ಲಾ ಒರಿಜಿನಲ್ ಮಾಡಸೇನಿ" ಎಂದು ಊರವರ ಮುಂದೆ ಭಾಷಣ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಹೊಸ ಬಣ್ಣವಾದ್ದರಿಂದ ಯಾರಿಗೂ ಕಾಣಲಿಲ್ಲ.

ಒಂದು ಸಂಜೆ ಅವಳು ನನ್ನ ನಟ್ಟು ಬಿಗಿಯುತ್ತಿದ್ದಾಗ ಅವನು ಶೆಡ್ಡಿಗೆ ಬಂದು, "ಗಾಡಿ ಮಾರೀನಿ ಅಕ್ಕಾ" ಎಂದ.

"ಯಾರ್ನ ಕೇಳಿ ಮಾರಿದಿ?"

"ಯಾರ್ನ ಕೇಳಬೇಕಿತ್ತು? ಗಾಡಿ ನನ್ನ ಹೆಸರಿಗೈತಿ, ಶೆಡ್ ನಂದು. ನಿನಗೂ ವ್ಯಾಳ್ಯಾ ಹೋಗಲಿಕ್ಕೆ ಏನರ ಬೇಕಿತ್ತು, ಮಾಡಿದಿ. ಚೊಲೋ ಆತಲ್ಲ? ಹುಬ್ಬಳ್ಳಿ ಚಂದ್ರಮೌಳಿ ಅಂತ, ದೊಡ್ಡ ಹೋಟೆಲ್ ಕಟ್ಟ್ಯಾನ. ಒಳಗ ನಿಲ್ಲಸ್ತಾನಂತ. ಮಂದಿ ಫೋಟೋ ತಗೋತಾರ."

"ಓಡಸ್ತಾನೇನು?"

"ಓಡಿಸಿ ಏನ್ ಮಾಡೋದೈತಿ?"

ನೀಲಾಂಬಿಕೆಯ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನ ಹಾರಿತು. ಅವನ ಪುಣ್ಯ, ಪಕ್ಕದ ಬಕೆಟ್ಟಿಗೆ ಬಿತ್ತು. ವ್ಯಾಳ್ಯಾ ಹೋಗಲಿಕ್ಕಂತೆ! ಅವತ್ತಿನಿಂದ ಅಕ್ಕ ತಮ್ಮ ಮಾತು ಬಿಟ್ಟರು.

ಕೊಳ್ಳುವವನು ಬಂದ ದಿನ ಅಂಗಳದ ತುಂಬ ಜನ. ಚಂದ್ರಮೌಳಿ ತನ್ನ ಹೊಸ ಬಿಳಿ ಕಾರನ್ನು ಗೇಟಿನ ಬಳಿ ನಿಲ್ಲಿಸಿದ್ದ. ಅವನೇ ಪೂಜೆ ಆಗಲಿ ಎಂದ. ನನಗೆ ಹೂವಿನ ಹಾರ, ಗಾಜಿಗೆ ವಿಭೂತಿ, ನಾಲ್ಕೂ ಗಾಲಿಯ ಅಡಿಗೆ ನಿಂಬೆಹಣ್ಣು. ಕಾಯಿ ಒಡೆದು ಆರತಿಯೂ ಆಯಿತು. ಇನ್ನು ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಬೇಕು. ನೀಲಾಂಬಿಕೆ ಸೀರೆಯ ಸೆರಗು ಸಿಕ್ಕಿಸಿ ಬಾಗಿಲು ತೆಗೆಯಲು ಕೈ ಹಾಕಿದಳು. ಕೊನೆಯ ಸಲ ತಾನೇ ಓಡಿಸಬೇಕೆಂದು ಬಂದಿದ್ದಳು.

ಮುರಿಗೆಪ್ಪ ಅಡ್ಡ ಬಂದ. "ಏ ಅಕ್ಕಾ, ನಿಂಬಿಹಣ್ಣಿನ ಮ್ಯಾಲ ಹಾಯಿಸಾವ್ರು ಮನಿ ಗಂಡಸರು. ನೀ ಸರಿ."

ಜನರೆಲ್ಲ ನೋಡುತ್ತಿದ್ದರು. ಅವಳ ಮುಖ ಕೆಂಪಾಯಿತು. ಆದರೂ ಮಾತು ಬಿಟ್ಟದ್ದನ್ನು ಮುರಿದು, "ಮುರಿಗ್ಯಾ, ನಡುವಿಂದು ಬ್ರೇಕ್ ಅಲ್ಲ, ಅದು..." ಎಂದಳು.

"ನಲವತ್ತ ವರ್ಷ ಆತು ಗಾಡಿ ಹೊಡ್ಯಾಕ ಹತ್ತಿ. ನನಗ ಕಲಸಾಕ ಬರಬ್ಯಾಡ!"

ಆಕೆ ತುಳಸಿಕಟ್ಟೆಯ ಪಕ್ಕಕ್ಕೆ ಹೋಗಿ ನಿಂತಳು.

ಮುರಿಗೆಪ್ಪ ಕೂತ. ಗೇರು ಹಾಕಿದ. ರೇಸು ಕೊಡುತ್ತೇನೆಂದು ಬಲಗಡೆಯದನ್ನು ಒತ್ತಿದ. ಅದು ಬ್ರೇಕು. ಗಕ್ಕನೆ ಬಂದ್ ಬಿದ್ದೆ. ಯಾರೋ ಕಿಸಕ್ಕನೆ ನಕ್ಕರು. "ಹಳೇ ಗಾಡಿ ನೋಡ್ರಿ, ಹಂಗಽ" ಎಂದು ಹಲ್ಲು ಕಿರಿದು ಮತ್ತೆ ಚಾಲೂ ಮಾಡಿದ. ಈ ಸಲ ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ನಾನು ರೇಸಿಲ್ಲದೆಯೇ ಹೊರಟೆ. ನಿಂಬೆಹಣ್ಣು ಚಟಪಟ ಅಂದವು. ಜನ ಚಪ್ಪಾಳೆ ತಟ್ಟಿದರು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಫೋಟೋ ತೆಗೆಯುತ್ತಿದ್ದವರ ಮೊಬೈಲಿನ ಕಡೆ ನೋಡಿ ನಕ್ಕ. ಗೇಟಿನ ಬಳಿ ನಿಂತಿದ್ದ ಬಿಳಿ ಕಾರು ಎದುರಾಯಿತು. ನಿಲ್ಲಿಸಬೇಕು. ಅವನ ಕಾಲು ನಲವತ್ತು ವರ್ಷದ ಅಭ್ಯಾಸದಂತೆ ನಡುವಿನ ಪೆಡಲಿಗೆ ಹೋಯಿತು.

ನಾನೇನೂ ಮಾಡಲಿಲ್ಲ, ದೇವರಾಣೆ. ಅವನು ಒತ್ತಿದ, ನಾನು ಹಾರಿದೆ. ಗಾಬರಿಯಾಗಿ ಇನ್ನೂ ಜೋರಾಗಿ ಒತ್ತಿದ, ನಾನೂ ಇನ್ನೂ ಜೋರಾಗಿ ಹೋದೆ. ನಡುವಿನದನ್ನು ಒತ್ತಿದರೆ ಓಡಬೇಕು ಎಂದೇ ನನಗೆ ಹುಟ್ಟುವಾಗ ಹೇಳಿಕೊಟ್ಟಿದ್ದರು. ಬಿಳಿ ಕಾರಿನ ಒಂದು ಬದಿಯ ಎರಡೂ ಬಾಗಿಲು ಒಳಗೆ ಹೋದವು. ನನ್ನ ಒಂದು ದೀಪ ಒಡೆಯಿತು, ಮುಂದಿನ ಗಾರ್ಡು ಸೊಟ್ಟಗಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕೊರಳಿನ ಹಾರ ಮಾತ್ರ ಹಾರಿ, ಕಿಟಕಿಯಿಂದ ಹೊರಗಿದ್ದ ಮುರಿಗೆಪ್ಪನ ತಲೆಯ ಮೇಲೆ ಬಿತ್ತು. ಅಷ್ಟು ವರ್ಷಗಳಲ್ಲಿ ನನಗೆ ಅಂಥ ನಗು ಬಂದಿರಲಿಲ್ಲ.

ಚಂದ್ರಮೌಳಿ ತನ್ನ ಬಾಗಿಲು ಸವರುತ್ತಾ ಕೂಗಾಡಿದ. "ಸಾಹುಕಾರ್ರ, ಇದೇನ್ ಗಾಡಿನೋ ಗೂಳಿನೋ? ನಾಳೆ ಹೋಟೆಲಿನಾಗ ಯಾರರ ಚಾಲೂ ಮಾಡಿದ್ರ ನನ್ನ ಗಿರಾಕಿಗಳ ಗತಿ ಏನು? ಇಂಜಿನ್ ತಗದು ಬರೇ ಬಾಡಿ ಕೊಡ್ರಿ. ಬಣ್ಣಕ್ಕ ಒಂದು ಗೀರು ಬೀಳಬಾರದು. ಇಲ್ಲಾಂದ್ರ ಈ ವ್ಯಾಪಾರ ಬ್ಯಾಡ."

ಇಂಜಿನ್ನು ತೆಗೆಯುವುದು! ಆಗ ನನಗೆ ನಗು ನಿಂತುಹೋಯಿತು. ಇನ್ನೆಂದೂ ಓಡಲಾರೆ, ಹೊಟ್ಟೆ ಖಾಲಿ ಮಾಡಿಕೊಂಡು ಹೋಟೆಲಿನಲ್ಲಿ ಹಲ್ಲು ತೋರಿಸುತ್ತಾ ನಿಲ್ಲಬೇಕು. ಬಹಳ ಹೆದರಿಕೆಯಾಯಿತು.

ಬಣ್ಣಕ್ಕೆ ಗೀರು ಬೀಳದಂತೆ ನನ್ನನ್ನು ಬಿಚ್ಚಬಲ್ಲವಳು ಊರಿನಲ್ಲಿ ಒಬ್ಬಳೇ. ತಲೆಯಲ್ಲಿ ಇನ್ನೂ ಹೂವಿನ ಎಸಳು ಇಟ್ಟುಕೊಂಡೇ ಮುರಿಗೆಪ್ಪ ತುಳಸಿಕಟ್ಟೆಯ ಹತ್ತಿರ ಹೋದ. "ಅಕ್ಕಾ, ನೀನಽ ತಗದು ಕೊಡು."

ಆಕೆ ಬಂದು ನನ್ನ ಸೊಟ್ಟಗಾದ ಗಾರ್ಡನ್ನು ಒಮ್ಮೆ ಸವರಿದಳು. ಆಮೇಲೆ, "ತಗೀತೀನಿ. ಹೊರಗ ಬಂದದ್ದು ನಂದು. ಈ ಮಂದಿ ಮುಂದ ಹೇಳು" ಎಂದಳು.

ಮುರಿಗೆಪ್ಪ ಗಟ್ಟಿಯಾಗಿ ನಕ್ಕ. "ತಗೊಂಡ್ ಹೋಗ, ಬರೇ ಕಬ್ಬಿಣ! ಗುಜರಿಗೆ ಒಯ್ಯೋ ತ್ರಾಸ ಉಳೀತು ನನಗ."

ಆಕೆ ಶೆಡ್ಡಿನ ತೊಲೆಗೆ ಸರಪಳಿ ಕಟ್ಟಿದಳು. ಪೈಪು, ತಂತಿ, ಬೋಲ್ಟು ಒಂದೊಂದಾಗಿ ಬಿಡಿಸಿದಳು. ಈ ಸಲ ನಾನು ಹಟ ಮಾಡಲಿಲ್ಲ, ಅವಳೂ ಬೈಯಲಿಲ್ಲ. ಸರಪಳಿ ಎಳೆದಾಗ ಇಂಜಿನ್ನು ಮೇಲೆದ್ದಿತು. ಆಗಲೇ ನನಗೆ ತಿಳಿದದ್ದು, ಮೇಲೆದ್ದದ್ದು ನಾನು ಎಂದು. ಕೆಳಗೆ ನೋಡಿದರೆ ಬಾಗಿಲು, ಸೀಟು, ಹೊಳೆಯುವ ಬಣ್ಣ, ಎಲ್ಲ ಹಾಗೇ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಮುರಿಗೆಪ್ಪ ಮಾರಿದ್ದು ನನ್ನ ಅಂಗಿಯನ್ನು.

ಅಂಗಿ ಈಗ ಹುಬ್ಬಳ್ಳಿಯ ಹೋಟೆಲಿನಲ್ಲಿದೆ. ಹೊಸ ದೀಪ ಹಾಕಿದ್ದಾರಂತೆ. ಮದುವೆಗೆ ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಎಷ್ಟು ಚೆಂದ ಇದೆ ಅನ್ನುತ್ತಾರಂತೆ. ಅನ್ನಲಿ ಬಿಡಿ.

ನಾನು ಇಲ್ಲಿ ಗದಗಿನಲ್ಲಿ, ನೀಲಾಂಬಿಕೆಯ ಹಿತ್ತಲಿನಲ್ಲಿ, ನಾಲ್ಕು ಕಬ್ಬಿಣದ ಕಾಲಿನ ಚೌಕಟ್ಟಿನ ಮೇಲೆ ಕೂತಿದ್ದೇನೆ. ಗಾಲಿ ಇಲ್ಲ, ಬೆಟಗೇರಿಗೆ ಇನ್ನು ಹೋಗಲಾರೆ. ಅದಕ್ಕೆ ದುಃಖವಿದೆ, ಮುಚ್ಚಿಡುವುದಿಲ್ಲ. ಆದರೆ ಉಸಿರಿದೆ. ನೀಲಾಂಬಿಕೆ ವಾರಕ್ಕೊಮ್ಮೆ ಹ್ಯಾಂಡಲು ತಿರುಗಿಸುತ್ತಾಳೆ. ಮೈ ಬಿಸಿಯಾಗುವವರೆಗೆ ನಾನು ಗುಡುಗುತ್ತೇನೆ. ಗೋಡೆಯ ಆಚೆಗೇ ಮುರಿಗೆಪ್ಪನ ಊಟದ ಮನೆ.

"ಅಕ್ಕಾ, ಬಂದ್ ಮಾಡ ಆ ಹಾಳಾದ್ದನ್ನ! ತುತ್ತು ಬಾಯಿಗೆ ಹೋಗವಲ್ದು!" ಎಂದು ಅವನು ಅರಚುತ್ತಾನೆ.

"ಬರೇ ಕಬ್ಬಿಣ ಅಂದಿದ್ಯಲ್ಲೋ! ಕಬ್ಬಿಣ ಎಲ್ಲೆರ ಸಪ್ಪಳ ಮಾಡತೈತೇನು?" ಎಂದು ಇವಳು ಇನ್ನಷ್ಟು ರೇಸು ಕೊಡುತ್ತಾಳೆ.

ಮುದಿತನದಲ್ಲಿ ಶಾಂತಿ ಬರುತ್ತದೆ ಎಂದು ಹೇಳುತ್ತಾರೆ. ನನಗೆ ಬಂದಿಲ್ಲ, ಬರುವುದೂ ಬೇಡ. ನಾಳೆ ಮುರಿಗೆಪ್ಪನ ಮನೆಗೆ ಬೀಗರು ಊಟಕ್ಕೆ ಬರುತ್ತಾರಂತೆ, ಹೋಳಿಗೆ ಮಾಡಿಸುತ್ತಿದ್ದಾನೆ. ನೀಲಾಂಬಿಕೆ ಈಗಲೇ ಪೆಟ್ರೋಲು ತುಂಬಿಸಿ ಇಟ್ಟಿದ್ದಾಳೆ.